ಪಾಠ ಊರಿಗೆ ಬಂದಿದೆ, ಜೊತೆ ಬೇಕು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಂಪ್ಯೂಟರ್ ಮತ್ತು ಇಂದಿನ ಶಿಕ್ಷಣದ ಬಗ್ಗೆ ಹದಿನೈದು ಇಪ್ಪತ್ತು ನಿಮಿಷ ಮಾತನಾಡಬೇಕೆಂದು ಸಮಿತಿಯವರು ಹೇಳಿದ್ದಾರೆ. ಇಂಥ ವೇದಿಕೆಯಲ್ಲಿ ನಿಂತ ಎಂಜಿನಿಯರ್ ಸಾಮಾನ್ಯವಾಗಿ ಮುಂದಿನ ಸಾಲಿನ ಮಕ್ಕಳಿಗೆ ಚೆನ್ನಾಗಿ ಓದಿ ಎಂದು ಹೇಳಿ ಇಳಿಯುತ್ತಾನೆ. ನಾನೂ ಅದನ್ನು ಹೇಳುತ್ತೇನೆ, ಮಕ್ಕಳೇ, ಚೆನ್ನಾಗಿ ಓದಿ. ಆದರೆ ಇವತ್ತು ನನ್ನ ಮಾತು ಹೆಚ್ಚಾಗಿ ಹಿಂದೆ, ಕಾಂಪೌಂಡಿನ ಹತ್ತಿರ ನಿಂತಿರುವವರಿಗೆ. ಇದೇ ಶಾಲೆಯಲ್ಲಿ ಕೂತು, ಎಸ್ಸೆಸ್ಸೆಲ್ಸಿ ಆದ ಮೇಲೆ ಅಥವಾ ಅದಕ್ಕೂ ಮೊದಲೇ ಓದು ಬಿಟ್ಟವರಿಗೆ. ಈ ಐವತ್ತು ವರ್ಷಗಳ ಹಾಜರಿ ಪುಸ್ತಕದಲ್ಲಿ ಅವರ ಹೆಸರೂ ಇದೆ. ಸಾಧಕರ ಪಟ್ಟಿಯಲ್ಲಿ ಇಲ್ಲ, ಅಷ್ಟೆ.

ಹೈಸ್ಕೂಲು, ಪಿಯುಸಿ, ಡಿಗ್ರಿ ಎಂದು ಒಂದೇ ಓಟದಲ್ಲಿ ಓದಿ ಮುಗಿಸುವವರನ್ನು ನೋಡಿಯೇ ನಮ್ಮ ಕಾಲೇಜುಗಳ ವೇಳಾಪಟ್ಟಿ ಆಗಿದೆ. ಬೆಳಗ್ಗೆ ಹತ್ತಕ್ಕೆ ಗಂಟೆ, ಸಂಜೆ ನಾಲ್ಕಕ್ಕೆ ಗಂಟೆ. ಮದುವೆಯಾದವರು, ಗಾರ್ಮೆಂಟ್ಸಿಗೆ ಹೋಗುವವರು, ಹಸು ಕಟ್ಟಿಕೊಂಡವರು, ಆಟೋ ಓಡಿಸುವವರು, ಮೂವತ್ತೈದು ದಾಟಿದ ಮೇಲೆ ಓದಬೇಕು ಅನ್ನಿಸಿದವರು ಆ ಗಂಟೆಗೆ ಹೊಂದುವುದಿಲ್ಲ. ಇವರನ್ನು ನಾನು ಮರಳಿ ಓದುವವರು ಎನ್ನುತ್ತೇನೆ. ಇವರಿಗಾಗಿ ಈಗ ಏನೇನು ಬಂದಿದೆ, ಬಂದರೂ ಯಾಕೆ ಪೂರ್ತಿ ದಕ್ಕುತ್ತಿಲ್ಲ, ನಾವು ಏನು ಮಾಡಬಹುದು ಎಂಬ ಮೂರು ಮಾತನ್ನು ಹೇಳಿ ಮುಗಿಸುತ್ತೇನೆ.

ಮನೆಯಲ್ಲೇ ಇದ್ದು ಓದುವುದು ಹೊಸದೇನಲ್ಲ. ದೆಹಲಿ ವಿಶ್ವವಿದ್ಯಾಲಯ 1962ರಲ್ಲೇ ಅಂಚೆ ಮೂಲಕ ಪಾಠ ಕಳಿಸಲು ಶುರು ಮಾಡಿತು. ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಅಂಚೆ ಶಿಕ್ಷಣ ಆರಂಭವಾಯಿತು. ಇಲ್ಲಿರುವ ಎಷ್ಟೋ ಹಿರಿಯರು ಕರೆಸ್ಪಾಂಡೆನ್ಸ್ ಅಂತ ಕರೆಯುತ್ತಿದ್ದದ್ದು ಅದನ್ನೇ. 1982ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಬಂತು, ಇಂದು ಅದು ಡಾ. ಬಿ. ಆರ್. ಅಂಬೇಡ್ಕರ್ ಅವರ ಹೆಸರಿನಲ್ಲಿದೆ. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ ಬಂತು. 1996ರಲ್ಲಿ ಮೈಸೂರಿನ ಅಂಚೆ ಶಿಕ್ಷಣವೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು.

ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಅಂದಿನ ವ್ಯವಸ್ಥೆಯಲ್ಲಿ ಒಂದೊಂದು ವಿಶ್ವವಿದ್ಯಾಲಯವೂ ತನ್ನ ಪುಸ್ತಕ, ತನ್ನ ಅಧ್ಯಯನ ಕೇಂದ್ರ, ತನ್ನ ಪರೀಕ್ಷೆ ಅಂತ ಬೇಲಿ ಹಾಕಿಕೊಂಡಿತ್ತು. ಒಂದು ಕಡೆ ಎರಡು ವರ್ಷ ಓದಿ, ಗಂಡನ ಊರಿಗೆ ಹೋದ ಮೇಲೆ ಇನ್ನೊಂದು ಕಡೆ ಸೇರಿದರೆ, ಹಳೆಯ ಓದು ಹೆಚ್ಚಾಗಿ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಈಗ ಆ ಬೇಲಿಯಲ್ಲಿ ದಾರಿ ಬಿಟ್ಟಿದ್ದಾರೆ. 2003ರಲ್ಲಿ ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಎನ್‌ಪಿಟೆಲ್ ಎಂಬ ಯೋಜನೆಯಲ್ಲಿ ತಮ್ಮ ಪಾಠಗಳನ್ನು ವಿಡಿಯೋ ಮಾಡಿ ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟವು. 2017ರ ಜುಲೈನಲ್ಲಿ ಕೇಂದ್ರ ಸರ್ಕಾರ ‘ಸ್ವಯಂ’ ಎಂಬ ಪೋರ್ಟಲ್ ತೆರೆಯಿತು. ಅದರಲ್ಲಿ ಎನ್‌ಪಿಟೆಲ್ ಇದೆ, ಇಗ್ನೋ ಇದೆ, ಮ್ಯಾನೇಜ್‌ಮೆಂಟ್ ಪಾಠಗಳಿಗೆ ನಮ್ಮ ಐಐಎಂ ಬೆಂಗಳೂರು ಇದೆ, ಶಾಲಾ ಪಾಠಗಳಿಗೆ ಎನ್‌ಸಿಇಆರ್‌ಟಿ ಮತ್ತು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇವೆ. ಒಂಬತ್ತನೆಯ ತರಗತಿಯಿಂದ ಎಂಎವರೆಗಿನ ಪಾಠಗಳು ಒಂದೇ ಕಡೆ ಸಿಗುತ್ತವೆ. ಪ್ರತಿ ಕೋರ್ಸಿನಲ್ಲೂ ವಿಡಿಯೋ ಪಾಠ, ಓದುವ ಟಿಪ್ಪಣಿ, ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಮೇಷ್ಟ್ರನ್ನು ಕೇಳುವ ಚರ್ಚಾ ವೇದಿಕೆ ಎಂಬ ನಾಲ್ಕು ಭಾಗ ಇರುತ್ತವೆ. ಕಲಿಯಲು ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕೆಂದು ಪರೀಕ್ಷೆ ಬರೆಯುವವರಿಗೆ ಮಾತ್ರ ಶುಲ್ಕ.

ಇದರಲ್ಲಿ ನಿಜವಾದ ಹೊಸತನ ವಿಡಿಯೋ ಅಲ್ಲ, ಲೆಕ್ಕ. ಒಂದು ವಿಶ್ವವಿದ್ಯಾಲಯದ ಮೇಷ್ಟ್ರು ಮಾಡಿದ ಪಾಠವನ್ನು ಇನ್ನೊಂದು ವಿಶ್ವವಿದ್ಯಾಲಯ ತನ್ನ ಡಿಗ್ರಿಗೆ ಒಪ್ಪಿಕೊಳ್ಳಬಹುದು ಎಂದು ಯುಜಿಸಿ 2016ರಲ್ಲಿ ನಿಯಮ ಮಾಡಿತು. ಮೊದಲು ಒಂದು ಸೆಮಿಸ್ಟರಿನ ಓದಿನಲ್ಲಿ ಶೇ. 20ರವರೆಗೆ ಎಂದಿತ್ತು, 2021ರಲ್ಲಿ ಶೇ. 40ರವರೆಗೆ ಎಂದಾಯಿತು. ಅದೇ 2021ರಲ್ಲಿ ಕ್ರೆಡಿಟ್ ಬ್ಯಾಂಕ್ ಶುರುವಾಯಿತು.

ಕ್ರೆಡಿಟ್ ಅಂದರೆ ಏನು ಎಂದು ನಮ್ಮ ಡೇರಿಯ ಲೆಕ್ಕದಲ್ಲಿ ಹೇಳುತ್ತೇನೆ. ಬೆಳಗ್ಗೆ ಹಾಲು ಹಾಕುತ್ತೀರಿ. ಅಳತೆ ನೋಡುತ್ತಾರೆ, ಫ್ಯಾಟ್ ನೋಡುತ್ತಾರೆ, ನಿಮ್ಮ ನಂಬರಿನ ಎದುರು ಬರೆಯುತ್ತಾರೆ. ಒಂದು ದಿನ ಹಸು ಹಾಲು ಕೊಡದಿದ್ದರೆ ಹಿಂದಿನ ಹಾಲಿನ ಲೆಕ್ಕ ಅಳಿಸಿಹೋಗುವುದಿಲ್ಲ. ಓದಿನ ಲೆಕ್ಕವೂ ಈಗ ಹಾಗೇ. ಎನ್‌ಪಿಟೆಲಿನಲ್ಲಿ ನಾಲ್ಕು ವಾರದ ಕೋರ್ಸಿಗೆ ಒಂದು ಕ್ರೆಡಿಟ್, ಎಂಟು ವಾರಕ್ಕೆ ಎರಡು, ಹನ್ನೆರಡು ವಾರಕ್ಕೆ ಮೂರು. ಪಾಸಾದ ಕ್ರೆಡಿಟ್ಟು ನಿಮ್ಮ ಹೆಸರಿನ ಖಾತೆಯಲ್ಲಿ ಕೂರುತ್ತದೆ. ಸಾಮಾನ್ಯವಾಗಿ ಏಳು ವರ್ಷದವರೆಗೆ ಅದಕ್ಕೆ ಬೆಲೆ ಇರುತ್ತದೆ. ಬಾಣಂತನಕ್ಕೆ ಎರಡು ವರ್ಷ ಬಿಟ್ಟ ತಾಯಿಗೆ, ಮಳೆ ಕೈಕೊಟ್ಟು ಒಂದು ವರ್ಷ ಬೆಂಗಳೂರಿಗೆ ಕೂಲಿಗೆ ಹೋದ ಹುಡುಗನಿಗೆ ಈ ಒಂದು ನಿಯಮ ಎಷ್ಟು ದೊಡ್ಡದು ಎಂದು ಯೋಚಿಸಿ. ನಡುವೆ ನಿಲ್ಲಿಸಿದವರು ಮತ್ತೆ ಒಂದರಿಂದ ಎಣಿಸಬೇಕಾಗಿಲ್ಲ.

ಐಐಟಿ ಮದ್ರಾಸ್ 2020ರಲ್ಲಿ ಡೇಟಾ ಸೈನ್ಸ್ ಕುರಿತ ಒಂದು ಆನ್‌ಲೈನ್ ಡಿಗ್ರಿ ಶುರು ಮಾಡಿತು. ಅದಕ್ಕೆ ಜೆಇಇ ಬೇಕಿಲ್ಲ, ವಯಸ್ಸಿನ ಮಿತಿಯಿಲ್ಲ. ನಾಲ್ಕು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾಗಬೇಕು. ಪಾಠ ಮನೆಯಲ್ಲಿ, ಪರೀಕ್ಷೆ ಕೇಂದ್ರದಲ್ಲಿ. ಪೂರ್ತಿ ಓದಲಾಗದವರು ನಡುವೆ ಡಿಪ್ಲೊಮಾ ಪಡೆದು ನಿಲ್ಲಬಹುದು. ಇನ್ನು ಎಸ್ಸೆಸ್ಸೆಲ್ಸಿಯೇ ಆಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಅಲ್ಲಿ ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಪಾಸು ಮಾಡಿಕೊಂಡು ಹೋಗಬಹುದು.

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದರೆ ಎಲ್ಲರೂ ಓದಿಬಿಡುತ್ತಾರಲ್ಲ ಎಂದು ಅನ್ನಿಸಬಹುದು. ಹಾಗಾಗುವುದಿಲ್ಲ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿಗಳ ಆನ್‌ಲೈನ್ ಕೋರ್ಸುಗಳ ಲೆಕ್ಕವನ್ನು ಅಲ್ಲಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದರು. 2017-18ರಲ್ಲಿ ಹೆಸರು ಬರೆಸಿದ ನೂರು ಜನರಲ್ಲಿ ಕೋರ್ಸು ಮುಗಿಸಿದವರು ಸುಮಾರು ಮೂವರು. ಅರ್ಧಕ್ಕಿಂತ ಹೆಚ್ಚು ಜನ ಹೆಸರು ಬರೆಸಿದ ಮೇಲೆ ಪಾಠವನ್ನು ತೆರೆದೇ ಇಲ್ಲ. ಪಾಠ ಕೆಟ್ಟದ್ದೆಂದಲ್ಲ, ಪ್ರಪಂಚದ ಒಳ್ಳೆಯ ಮೇಷ್ಟ್ರುಗಳೇ ಅಲ್ಲಿದ್ದರು. ಬರೀ ಪಾಠ ಇಟ್ಟರೆ ಸಾಲದು ಎಂದಷ್ಟೇ ಇದರ ಅರ್ಥ.

ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ 1971ರಲ್ಲಿ ಪಾಠ ಶುರು ಮಾಡಿದಾಗ ಅದರ ಕೈಯಲ್ಲಿ ಬಿಬಿಸಿಯ ಟಿವಿ, ರೇಡಿಯೋ ಎರಡೂ ಇದ್ದವು. ಆದರೂ ಅವರು ಟಿವಿಯೊಂದನ್ನೇ ನಂಬಲಿಲ್ಲ. ವಿದ್ಯಾರ್ಥಿಗಳಿಗೆ ಬೋಧಕರನ್ನು ಗೊತ್ತು ಮಾಡಿದರು, ಊರುಗಳಲ್ಲಿ ಅಧ್ಯಯನ ಕೇಂದ್ರ ತೆರೆದರು, ಬೇಸಿಗೆ ಶಿಬಿರಕ್ಕೆ ಕರೆಸಿಕೊಂಡರು. ದೂರದ ಪಾಠಕ್ಕೆ ಹತ್ತಿರದ ಮನುಷ್ಯ ಬೇಕು ಎಂಬುದು ಅವರಿಗೆ ಮೊದಲೇ ಗೊತ್ತಿತ್ತು.

ನಮ್ಮೂರಿನ ಒಂದು ಉದಾಹರಣೆ ಹೇಳುತ್ತೇನೆ. ಹೆಸರು ಹೇಳುವುದಿಲ್ಲ, ಹೇಳಬಾರದು ಅಂತ ಅವರೇ ಹೇಳಿದ್ದಾರೆ. ನಮ್ಮ ಬ್ಯಾಚಿನವರು. ಗಣಿತದಲ್ಲಿ ನನಗಿಂತ ಮುಂದು. ಎಸ್ಸೆಸ್ಸೆಲ್ಸಿ ಆದ ವರ್ಷವೇ ಮದುವೆ ಆಯಿತು. ಈಗ ಸ್ತ್ರೀಶಕ್ತಿ ಸಂಘದ ಲೆಕ್ಕ ಪತ್ರ ಅವರದೇ ಕೈಯಲ್ಲಿ, ಒಂದು ರೂಪಾಯಿ ಆಚೀಚೆ ಆಗುವುದಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ಪಿಯುಸಿ ಕಟ್ಟಿ ಪಾಸಾದರು. ಆಮೇಲೆ ದೂರ ಶಿಕ್ಷಣದಲ್ಲಿ ಬಿಕಾಂ ಸೇರಿ, ಅದರ ಜೊತೆಗೆ ಒಂದು ಪೋರ್ಟಲಿನಲ್ಲಿ ಅಕೌಂಟಿಂಗ್ ಕೋರ್ಸು ಹಿಡಿದರು. ಮನೆಯವರೆಲ್ಲ ಮಲಗಿದ ಮೇಲೆ ಪಾಠ ಕೇಳುತ್ತಿದ್ದರು.

ಅವರು ಎಲ್ಲಿ ಎಡವಿದರು ಗೊತ್ತೇ? ಪಾಠದಲ್ಲಲ್ಲ. ಪೋರ್ಟಲಿಗೆ ಕೊಟ್ಟ ಮೊಬೈಲ್ ನಂಬರು ಗಂಡನದು. ಇವರು ಒಳಗೆ ಹೋಗಬೇಕಾದಾಗ ಓಟಿಪಿ ಹೋಗುವುದು ತೋಟದಲ್ಲಿರುವ ಗಂಡನ ಜೇಬಿಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಅಪ್ಪನ ಇನಿಷಿಯಲ್ಲು, ಆಧಾರಿನಲ್ಲಿ ಹೆಸರಿನ ಮುಂದೆ ಗಂಡನ ಹೆಸರು. ಎರಡೂ ಒಬ್ಬರೇ ಎಂದು ಕಂಪ್ಯೂಟರು ಒಪ್ಪಲಿಲ್ಲ. ಇವೆಲ್ಲ ದಾಟಿ ಬಂದರೂ ಕೋರ್ಸಿಗೆ ಹೆಸರು ಬರೆಸುವುದು ಬೇರೆ, ಪರೀಕ್ಷೆಗೆ ಹೆಸರು ಬರೆಸುವುದು ಬೇರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಕೊನೆಯ ದಿನಾಂಕ ಮುಗಿದಿತ್ತು. ಹನ್ನೆರಡು ವಾರ ರಾತ್ರಿ ನಿದ್ದೆಗೆಟ್ಟದ್ದಕ್ಕೆ ಒಂದು ಚೀಟಿಯೂ ಸಿಗಲಿಲ್ಲ. ಫೋನಿನಲ್ಲಿ ನನಗೆ ಹೇಳಿದರು: “ಪಾಠ ಅರ್ಥ ಆಗುತ್ತೆ ಕಣೋ, ಬಾಗಿಲು ದಾಟೋದೇ ಕಷ್ಟ.”

ನಾನು ಕೆಲಸ ಮಾಡುವುದು ಸಾಫ್ಟ್‌ವೇರಿನಲ್ಲಿ. ಇಂಥ ಪೋರ್ಟಲುಗಳು ಒಳಗೆ ಹೇಗೆ ನಡೆಯುತ್ತವೆ ಎಂದು ಸ್ವಲ್ಪ ಗೊತ್ತು. ಅವುಗಳನ್ನು ಕಟ್ಟುವವರು ಮನಸ್ಸಿನಲ್ಲಿ ಒಬ್ಬ ವಿದ್ಯಾರ್ಥಿಯನ್ನು ಇಟ್ಟುಕೊಂಡಿರುತ್ತಾರೆ. ಅವನಿಗೆ ಸ್ವಂತ ಫೋನಿದೆ, ಸ್ವಂತ ಇಮೇಲ್ ಇದೆ, ಎಲ್ಲ ಕಾಗದದಲ್ಲೂ ಹೆಸರು ಒಂದೇ ರೀತಿ ಇದೆ, ಇಂಗ್ಲಿಷ್ ಓದುತ್ತಾನೆ, ಪಾಸ್‌ವರ್ಡ್ ಮರೆತರೆ ಪಕ್ಕದ ಸ್ನೇಹಿತನನ್ನು ಕೇಳುತ್ತಾನೆ. ಮರಳಿ ಓದುವವರಿಗೆ ಈ ಐದರಲ್ಲಿ ಎರಡು ಮೂರು ಇರುವುದಿಲ್ಲ. ಇದು ಬುದ್ಧಿಯ ಕೊರತೆ ಅಲ್ಲ. ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡುವವರಿದ್ದರೆ ಬಗೆಹರಿಯುವ ತೊಡಕು.

ಭಾಷೆಯ ಕಷ್ಟವೂ ಇದೆ. ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲೇ ಇವೆ. ಎನ್‌ಪಿಟೆಲಿನ ಕೆಲವು ಪಾಠಗಳ ಕನ್ನಡ ಅನುವಾದ ಬಂದಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕಂಪ್ಯೂಟರ್ ಕಲಿಸುವ ಹತ್ತು ನಿಮಿಷದ ಪಾಠಗಳಿಗೆ ಕನ್ನಡದ ದನಿ ಕೊಟ್ಟಿದ್ದಾರೆ. ಇಂಟರ್ನೆಟ್ ಇಲ್ಲದ ಕಡೆಯೂ ಅವನ್ನು ಡೌನ್‌ಲೋಡ್ ಮಾಡಿಟ್ಟುಕೊಂಡು ಕಲಿಯಬಹುದು. ಆದರೆ ಉಳಿದ ಪಾಠಗಳಿಗೆ, ಕೇಳಿದ್ದನ್ನು ನಮ್ಮ ಮಾತಿನಲ್ಲಿ ಒಂದು ಸಲ ಹೇಳುವವರು ಬೇಕೇ ಬೇಕು.

ಈಗ ನಾನು ಹೇಳಬೇಕೆಂದು ಬಂದ ಮುಖ್ಯ ಮಾತು. ಮೊದಲು ಒಂದೊಂದು ವಿಶ್ವವಿದ್ಯಾಲಯಕ್ಕೂ ಒಂದೊಂದು ಅಧ್ಯಯನ ಕೇಂದ್ರ ಬೇಕಿತ್ತು, ಅವು ಎಲ್ಲ ಊರಲ್ಲೂ ಇರಲು ಸಾಧ್ಯವಿರಲಿಲ್ಲ. ಈಗ ಪೋರ್ಟಲ್ ಎಲ್ಲರದೂ ಒಂದೇ ಆಗುತ್ತಿರುವುದರಿಂದ, ಸಹಾಯದ ಕೋಣೆಯೂ ಒಂದೇ ಸಾಕು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದುವ ಅಕ್ಕನಿಗೂ, ಇಗ್ನೋದಲ್ಲಿ ಓದುವ ಅಣ್ಣನಿಗೂ, ತಾಲೂಕಿನ ಡಿಗ್ರಿ ಕಾಲೇಜಿನಲ್ಲಿದ್ದುಕೊಂಡು ‘ಸ್ವಯಂ’ ಕೋರ್ಸು ತೆಗೆದುಕೊಂಡ ಹುಡುಗಿಗೂ ಅದೇ ಕ್ರೆಡಿಟ್ ಖಾತೆ, ಹೆಚ್ಚು ಕಡಿಮೆ ಅದೇ ತೊಡಕು. ಹಾಗಾಗಿ ಒಂದು ಹಳ್ಳಿಯ ಒಂದು ಕೋಣೆ ಎಲ್ಲ ವಿಶ್ವವಿದ್ಯಾಲಯಗಳ ಅಧ್ಯಯನ ಕೇಂದ್ರ ಆಗಬಹುದು. ಆ ಕೋಣೆ ನಮ್ಮ ಶಾಲೆಯಲ್ಲಿದೆ. ಸಂಜೆ ನಾಲ್ಕೂವರೆಗೆ ಅದಕ್ಕೆ ಬೀಗ ಬೀಳುತ್ತದೆ.

ಸುವರ್ಣ ಮಹೋತ್ಸವದ ನೆನಪಿಗೆ ಗೇಟಿನಲ್ಲಿ ಕಮಾನು ಕಟ್ಟಿಸಬೇಕೆಂದು ಸಮಿತಿಯಲ್ಲಿ ಮಾತಾಗಿದೆ ಎಂದು ಕೇಳಿದೆ. ಕಮಾನು ಬೇಡ ಎನ್ನುವವನು ನಾನಲ್ಲ. ಹಿರಿಯರ ಆಸೆ, ಆಗಲಿ. ಆದರೆ ಆ ಕಮಾನಿನ ಕೆಳಗೆ ಸಂಜೆ ಆರು ಗಂಟೆಗೆ ಈ ಶಾಲೆ ಬಿಟ್ಟುಹೋದವರು ಮತ್ತೆ ಒಳಗೆ ಬರುವಂತಾಗಲಿ ಎನ್ನುವುದು ನನ್ನ ಬೇಡಿಕೆ. ಮುಖ್ಯೋಪಾಧ್ಯಾಯರು ಇಲಾಖೆಯ ಅನುಮತಿ ಕೇಳಿ, ವಾರಕ್ಕೆ ಎರಡು ಸಂಜೆ ಕಂಪ್ಯೂಟರ್ ಕೋಣೆಯನ್ನು ಎರಡು ಗಂಟೆ ತೆರೆಸಿಕೊಟ್ಟರೆ ಸಾಕು. ಅದು ಆಗದಿದ್ದರೆ ಪಂಚಾಯಿತಿಯ ಅರಿವು ಕೇಂದ್ರವಿದೆ, ಪಿಡಿಒ ಅವರನ್ನು ಕೇಳೋಣ.

ಅಲ್ಲಿ ಆಗಬೇಕಾದ್ದು ದೊಡ್ಡ ಕೆಲಸಗಳಲ್ಲ. ಒಬ್ಬೊಬ್ಬರಿಗೂ ಅವರದೇ ನಂಬರಿನಲ್ಲಿ ಲಾಗಿನ್ ಮಾಡಿಕೊಡುವುದು. ಅಂಕಪಟ್ಟಿ, ಆಧಾರ್ ಎರಡನ್ನೂ ಎದುರಿಗಿಟ್ಟುಕೊಂಡು ಹೆಸರು, ಹುಟ್ಟಿದ ದಿನಾಂಕ ಹೊಂದುತ್ತವೆಯೇ ಎಂದು ಕೋರ್ಸು ಸೇರುವ ಮೊದಲೇ ನೋಡುವುದು. ಕೋರ್ಸಿನ ಕೊನೆಯ ದಿನ, ಪರೀಕ್ಷೆಗೆ ಹೆಸರು ಬರೆಸುವ ಕೊನೆಯ ದಿನ, ಪರೀಕ್ಷೆಯ ದಿನ ಮೂರನ್ನೂ ಗೋಡೆಯ ಮೇಲೆ ದೊಡ್ಡದಾಗಿ ಬರೆದು ಹಾಕುವುದು. ವಾರದ ಅಸೈನ್‌ಮೆಂಟನ್ನು ನಾಲ್ಕು ಜನ ಕೂತು ಚರ್ಚಿಸುವುದು, ಉತ್ತರ ಮಾತ್ರ ಅವರವರೇ ಬರೆಯುವುದು. ಎನ್‌ಪಿಟೆಲಿನ ಹನ್ನೆರಡು ವಾರದ ಕೋರ್ಸಿನಲ್ಲಿ ಹನ್ನೆರಡು ಅಸೈನ್‌ಮೆಂಟಿನ ಪೈಕಿ ಚೆನ್ನಾಗಿ ಮಾಡಿದ ಎಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅದಕ್ಕೆ 25 ಅಂಕ, ಕೊನೆಯ ಪರೀಕ್ಷೆಗೆ 75. ಹಬ್ಬ, ನಾಟಿ, ನೆಂಟರು ಅಂತ ಎರಡು ವಾರ ತಪ್ಪಿದರೂ ಕೈ ಚೆಲ್ಲಬೇಕಾಗಿಲ್ಲ. ಈ ಒಂದು ಮಾತು ಗೊತ್ತಿಲ್ಲದೆ ಮೂರನೇ ವಾರಕ್ಕೇ ಬಿಡುವವರು ಇದ್ದಾರೆ. ಪರೀಕ್ಷೆ ನಗರದ ಕೇಂದ್ರದಲ್ಲಿ ನಡೆಯುತ್ತದೆ. ಐದಾರು ಜನ ಒಟ್ಟಿಗೆ ಹೋದರೆ ಖರ್ಚೂ ಕಡಿಮೆ, ಮನೆಯವರಿಗೂ ಧೈರ್ಯ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಫೋನಿಗೆ ಬರುವ ಎಲ್ಲ ಜಾಹೀರಾತಿನ ಡಿಗ್ರಿಗೂ ಬೆಲೆ ಇರುವುದಿಲ್ಲ. ನಮ್ಮ ರಾಜ್ಯದ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, ಮತ್ತೆ ಸಿಕ್ಕಿದ್ದು 2018ರಲ್ಲಿ. ಆ ನಡುವೆ ಓದಿದವರು ಪಟ್ಟ ಪಾಡು ನಮ್ಮ ಸುತ್ತಮುತ್ತಲಿನವರಿಗೆ ಗೊತ್ತು. ಆದ್ದರಿಂದ ದುಡ್ಡು ಕಟ್ಟುವ ಮೊದಲು ಆ ಕೋರ್ಸಿಗೆ ಆ ವರ್ಷ ಮಾನ್ಯತೆ ಇದೆಯೇ ಎಂದು ಯುಜಿಸಿಯ ಪಟ್ಟಿಯಲ್ಲಿ ನೋಡಬೇಕು. ‘ಸ್ವಯಂ’ ಕೋರ್ಸಿನ ಕ್ರೆಡಿಟ್ಟನ್ನು ನಿಮ್ಮ ಕಾಲೇಜು ಒಪ್ಪುತ್ತದೆಯೇ ಎಂದು ಸೇರುವ ಮೊದಲೇ ಕೇಳಬೇಕು. ನಿಯಮ ಒಪ್ಪಬಹುದು ಅನ್ನುತ್ತದೆ, ಆದರೆ ಯಾವ ಕೋರ್ಸು ಎಂದು ತೀರ್ಮಾನಿಸುವುದು ಅವರೇ. ಇದನ್ನು ನೋಡಿ ಹೇಳುವ ಕೆಲಸವೂ ಆ ಕೋಣೆಯದೇ.

ನಮ್ಮ ಗುರುಗಳಲ್ಲಿ ಒಂದು ವಿನಂತಿ. ನಿವೃತ್ತರಾದ ಮೇಲೂ ನಿಮ್ಮನ್ನು ಕಂಡರೆ ನಾವು ಸೈಕಲ್ ಇಳಿಯುವವರು. ನೀವು ತಿಂಗಳಿಗೆ ಒಂದು ಸಂಜೆ ಬಂದು ಕೂತರೂ ಸಾಕು. ಮೇಷ್ಟ್ರೇ ಕೇಳಿದರೆ ‘ಓದಲಿ ಬಿಡು’ ಎನ್ನುವ ಗಂಡಂದಿರು, ಅತ್ತೆಯಂದಿರು ಈ ಊರಿನಲ್ಲಿ ಇದ್ದಾರೆ. ಅದನ್ನು ಯಾವ ಪೋರ್ಟಲೂ ಮಾಡಲಾರದು. ಇನ್ನು, ಹಾಜರಿ ಮತ್ತು ದಾಖಲಾತಿ ಪುಸ್ತಕ ಶಾಲೆಯಲ್ಲಿದೆ. ಹೆಸರಿನ ತೊಡಕು ಬಂದಾಗ ಜನ ಮೊದಲು ಬರುವುದು ನಿಮ್ಮ ಬಾಗಿಲಿಗೇ. ಅವರನ್ನು ನಾಳೆ ಬಾ ಅನ್ನದೆ ಇವತ್ತೇ ನೋಡಿಕೊಡಿ.

ಹಳೆಯ ವಿದ್ಯಾರ್ಥಿಗಳಲ್ಲೂ ಒಂದು ಮಾತು. ಬೆಂಗಳೂರಿನಲ್ಲಿ, ಪುಣೆಯಲ್ಲಿ, ಹೊರದೇಶದಲ್ಲಿ ಇರುವವರು ನೀವು. ಪ್ರತಿ ಸಲ ದುಡ್ಡು ಕೊಡಿ ಎಂದು ಕೇಳುತ್ತಾರೆ ಎಂಬ ಬೇಸರ ನಿಮಗಿದ್ದರೆ, ಈ ಸಲ ಕೇಳುತ್ತಿರುವುದು ಹೊತ್ತು. ವಾರಕ್ಕೆ ಒಂದು ಗಂಟೆ. ನಮ್ಮ ಬ್ಯಾಚಿನ ಮೂವರು ಒಪ್ಪಿದ್ದೇವೆ. ಬುಧವಾರ ಸಂಜೆ ವಿಡಿಯೋ ಕರೆಯಲ್ಲಿ ನಾನಿರುತ್ತೇನೆ, ತಿಂಗಳ ಮೊದಲ ಶನಿವಾರ ಊರಿಗೇ ಬರುತ್ತೇನೆ. ಇಂಟರ್ನೆಟ್ ಮತ್ತು ಕರೆಂಟ್ ಹೋದಾಗ ಬೇಕಾದ ಯುಪಿಎಸ್ ಖರ್ಚನ್ನು ನಾವು ನೋಡಿಕೊಳ್ಳುತ್ತೇವೆ. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರೆ. ಹತ್ತು ಬ್ಯಾಚಿನಿಂದ ಒಬ್ಬೊಬ್ಬರು ಬಂದರೆ ಆ ಕೋಣೆ ವಾರವಿಡೀ ತೆರೆದಿರಬಹುದು.

ಊರಿನ ಹಿರಿಯರೇ, ಸಂಜೆ ಆರರಿಂದ ಎಂಟರವರೆಗೆ ನಿಮ್ಮ ಮನೆಯ ಸೊಸೆ, ಮಗಳು ಶಾಲೆಗೆ ಹೋಗುತ್ತೇನೆ ಎಂದರೆ, ಆ ಎರಡು ಗಂಟೆ ಮನೆಯಲ್ಲಿ ಅವರ ಕೆಲಸ ಯಾರು ಹಿಡಿಯುತ್ತಾರೆ ಎಂಬುದು ನಿಮ್ಮ ಕೈಯಲ್ಲಿದೆ. ದೇಶದ ಸರ್ಕಾರ ಪಾಠ ಕೊಟ್ಟಿದೆ, ವಿಶ್ವವಿದ್ಯಾಲಯಗಳು ಅಂಕ ಹಂಚಿಕೊಳ್ಳಲು ಒಪ್ಪಿವೆ. ಹಾಲು ಕರೆಯುವ ಹೊತ್ತನ್ನು ಹಂಚಿಕೊಳ್ಳುವುದು ಮಾತ್ರ ನಾವೇ ಮಾಡಬೇಕಾದ್ದು.

ಹಿಂದೆ ನಿಂತಿರುವ ನನ್ನ ಸ್ನೇಹಿತರೇ, ಬರುವ ಬುಧವಾರ ಸಂಜೆ ಆರು ಗಂಟೆಗೆ ಬನ್ನಿ. ಅನುಮತಿ ಬರುವವರೆಗೆ ಹೊರಗಿನ ಜಗಲಿಯಲ್ಲೇ ಕೂರೋಣ. ಬರುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಂಕಪಟ್ಟಿ ಇಲ್ಲದವರು ಟಿಸಿ, ಆಧಾರ್ ಕಾರ್ಡು, ನಿಮ್ಮದೇ ಆದ ಒಂದು ಮೊಬೈಲ್ ನಂಬರು ತನ್ನಿ. ಉಳಿದದ್ದನ್ನು ಕೂತು ನೋಡೋಣ.